ಬೈಕ್ ಸವಾರನ ಕಾಲ್ಜೋಡು: ಪುಣೆಯ ರಸ್ತೆಗೆ ತಕ್ಕ ಬೂಟು ಆರಿಸುವ ಬಗೆ

ಚಾಂದನಿ ಚೌಕದಿಂದ ಕೋಥ್ರೂಡ್ ಕಡೆಗೆ ಬರುವ ಇಳಿಜಾರಿನಲ್ಲಿ, ಜುಲೈ ತಿಂಗಳ ಒಂದು ಸಂಜೆ, ನನ್ನ ಬೈಕ್ ಎಡಕ್ಕೆ ಮಗುಚಿತು. ವೇಗ ಹೆಚ್ಚಿರಲಿಲ್ಲ, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಇದ್ದೀತು. ಹೆಲ್ಮೆಟ್ ಇತ್ತು, ಜಾಕೆಟ್ ಇತ್ತು, ಕೈಗವಸೂ ಇತ್ತು. ಕಾಲಲ್ಲಿ ಮಾತ್ರ ಕಚೇರಿಗೆ ಹಾಕುವ ಕ್ಯಾನ್ವಾಸ್ ಶೂ. ಎಡಗಾಲು ಬೈಕಿನ ಅಡಿಗೆ ಸಿಕ್ಕಿ ಮೂರು ನಾಲ್ಕು ಮಾರು ಎಳೆದುಕೊಂಡು ಹೋಯಿತು. ಯಾರೋ ಬೈಕ್ ಎತ್ತಿದರು. ಎದ್ದು ಕೂತು ನೋಡಿದರೆ ಶೂ ಕಾಲಲ್ಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ, ಮಳೆನೀರಿನಲ್ಲಿ, ಕಟ್ಟಿದ ಲೇಸು ಕಟ್ಟಿದಂತೆಯೇ ಇದ್ದು ಅದು ಮಗುಚಿ ಬಿದ್ದಿತ್ತು. ಕಿರುಬೆರಳಿನ ಹಿಂದಿನ ಉದ್ದನೆಯ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಆ ಲೇಸಿನ ಗಂಟು ಇವತ್ತಿಗೂ ಕಣ್ಣ ಮುಂದಿದೆ. ಕಟ್ಟಿದ ಗಂಟು ಬಿಚ್ಚದೆಯೇ ಕಾಲಿನಿಂದ ಕಳಚಿ ಹೋಗುವ ಬೂಟು ಸವಾರನನ್ನು ಕಾಯಲಾರದು ಎಂಬ ಒಂದೇ ಪಾಠವನ್ನು ನಾನು ಆ ದಿನ ಕಲಿತೆ. ಅದಾದ ಮೇಲೆ ನನಗಾಗಿ, ಹೆಂಡತಿಗಾಗಿ, ಇಂಜಿನಿಯರಿಂಗ್ ಓದಲು ಗದಗಿನಿಂದ ಬಂದ ಅಕ್ಕನ ಮಗನಿಗಾಗಿ, ಪಿಂಪ್ರಿ-ಚಿಂಚ್‌ವಡದ ಸಹೋದ್ಯೋಗಿಗಳಿಗಾಗಿ ಹತ್ತಾರು ಜೊತೆ ಬೂಟುಗಳನ್ನು ಅಂಗಡಿಗಳಲ್ಲಿ ಹಿಡಿದು, ತಿರುಚಿ, ಹಾಕಿ ನೋಡಿದ್ದೇನೆ. ಹೀಗೆ ಕಲಿತದ್ದನ್ನು ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಮೊದಲು, ಬಿದ್ದಾಗ ಪಾದಕ್ಕೆ ಏನಾಗುತ್ತದೆ?

ಇದು ತಿಳಿಯದೆ ಅಂಗಡಿಗೆ ಹೋದರೆ ಅಂಗಡಿಯವನು ತೋರಿಸಿದ್ದೇ ಒಳ್ಳೆಯದೆನಿಸುತ್ತದೆ. ಬೈಕ್ ಪಕ್ಕಕ್ಕೆ ಬಿದ್ದಾಗ ಪಾದವು ಫುಟ್‌ರೆಸ್ಟ್ ಮತ್ತು ನೆಲದ ನಡುವೆ, ಇಲ್ಲವೇ ಇಂಜಿನ್ ಮತ್ತು ನೆಲದ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗುತ್ತದೆ. ಸ್ಪ್ಲೆಂಡರ್‌ನಂಥ ಹಗುರ ಬೈಕ್ 112 ಕಿಲೋ ಇದೆ, ಕ್ಲಾಸಿಕ್ 350 ಆದರೆ 195 ಕಿಲೋ. ಅಷ್ಟೂ ಭಾರ ಪಾದದ ಮೇಲೆಯೇ ಬೀಳುವುದಿಲ್ಲವಾದರೂ ಬೀಳುವ ಪಾಲು ಪಾದದ ಸಣ್ಣ ಮೂಳೆಗಳಿಗೆ ಸಾಕಾಗಿ ಉಳಿಯುತ್ತದೆ. ಎರಡನೆಯದು ತಿರುಚುವಿಕೆ. ಪಾದ ಸಿಕ್ಕಿಕೊಂಡಿರುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ನಡುವೆ ಹರಡು ತಿರುಗುತ್ತದೆ. ಹರಡಿನ ಎರಡೂ ಬದಿ ಉಬ್ಬಿಕೊಂಡಿರುವ ಗಿಣ್ಣುಗಳ ಮೇಲೆ ಮಾಂಸವಿಲ್ಲ, ಚರ್ಮದ ಕೆಳಗೆ ನೇರ ಮೂಳೆ. ಮೂರನೆಯದು ಉಜ್ಜಾಟ, ನಾಲ್ಕನೆಯದು ಸೈಲೆನ್ಸರ್‌ನ ಸುಡುಗಾಯ. ಗೋವಾದಲ್ಲಿ ಬಾಡಿಗೆ ಗಾಡಿ ತೆಗೆದುಕೊಂಡು ಚಡ್ಡಿ, ಚಪ್ಪಲಿಯಲ್ಲಿ ತಿರುಗುವವರ ಕಾಲಿನ ಮೀನಖಂಡದ ಮೇಲೆ ಈ ಕೊನೆಯದರ ಗುರುತನ್ನು ಎಷ್ಟೋ ಸಲ ನೋಡಿದ್ದೇನೆ.

ಇವೆಲ್ಲಕ್ಕಿಂತ ಮೊದಲಿನದೊಂದಿದೆ. ಸಿಗ್ನಲ್‌ನಲ್ಲಿ ನಿಲ್ಲುವಾಗ ಊರಿದ ಕಾಲು ಜಾರಿದರೆ ಬೈಕೇ ಬೀಳುತ್ತದೆ. ಒದ್ದೆ ಪೇವರ್ ಬ್ಲಾಕ್, ಝೀಬ್ರಾ ಪಟ್ಟಿಯ ಬಿಳಿ ಬಣ್ಣ, ಪೆಟ್ರೋಲ್ ಬಂಕಿನ ಎಣ್ಣೆ ಮೆತ್ತಿದ ನೆಲ, ಗೋವಾದ ಕೆಂಪು ಜಂಬಿಟ್ಟಿಗೆ ಮಣ್ಣಿನ ರಾಡಿ, ಈ ನಾಲ್ಕರಲ್ಲೂ ಸವೆದ ಅಟ್ಟೆಯ ಬೂಟು ಮೋಸ ಮಾಡುತ್ತದೆ.

ಚಪ್ಪಲಿ ಹಾಕಿ ಬೈಕ್ ಓಡಿಸಿದರೆ ದಂಡವೇ ಎಂದು ಹಲವರು ಕೇಳುತ್ತಾರೆ. ದಂಡ ವಿಧಿಸುವ ನಿಯಮವಿಲ್ಲವೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿ 2019ರಲ್ಲೇ ಸ್ಪಷ್ಟಪಡಿಸಿದೆ. ಆದ್ದರಿಂದ ಬೂಟಿನ ವಿಷಯದಲ್ಲಿ ನಮ್ಮನ್ನು ಯಾರೂ ತಡೆದು ಕೇಳುವುದಿಲ್ಲ, ನಾವೇ ಕೇಳಿಕೊಳ್ಳಬೇಕು.

ನಿಮ್ಮ ಸವಾರಿಯನ್ನು ಕಾಗದದ ಮೇಲೆ ಬರೆಯಿರಿ

ಒಂದು ವಾರ ನೀವು ಬೈಕ್ ಹತ್ತಿದ ಪ್ರತಿ ಸಲವನ್ನೂ ಬರೆದಿಡಿ. ಎಲ್ಲಿಗೆ, ಎಷ್ಟು ದೂರ, ಇಳಿದ ಮೇಲೆ ಎಷ್ಟು ನಡೆದಿರಿ, ಎಷ್ಟು ಸಲ ಬೂಟು ಕಳಚಿದಿರಿ. ಕೊನೆಯ ಪ್ರಶ್ನೆ ನಮ್ಮವರಿಗೆ ಬಹಳ ಮುಖ್ಯ. ನಾವು ಮನೆಯ ಹೊಸ್ತಿಲಲ್ಲಿ ಕಳಚುತ್ತೇವೆ, ದಗಡೂಶೇಟ್ ಗಣಪತಿಯ ಮುಂದೆ ಕಳಚುತ್ತೇವೆ, ಬಂಧುಗಳ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗಲೂ ಕಳಚುತ್ತೇವೆ. ಮೂರು ಬಕಲ್‌ಗಳ ಎತ್ತರದ ಬೂಟನ್ನು ಇಷ್ಟು ಸಲ ಹಾಕಿ ತೆಗೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಎರಡು ವಾರದಲ್ಲಿ ಅದು ಶೂ ರ‍್ಯಾಕ್‌ನ ಮೇಲಿನ ತಟ್ಟಿಗೆ ಸೇರುತ್ತದೆ, ಮತ್ತೆ ಚಪ್ಪಲಿ ಹೊರಬರುತ್ತದೆ. ದಿನಾ ಕಾಲಿಗೇರುವ ಸಾಧಾರಣ ಬೂಟು, ವರ್ಷಕ್ಕೆ ನಾಲ್ಕು ಸಲ ಕಾಲಿಗೇರುವ ಅತ್ಯುತ್ತಮ ಬೂಟಿಗಿಂತ ಮೇಲು. ಈ ಮಾತಿನಲ್ಲಿ ನನಗೆ ಸಂಶಯವೇ ಇಲ್ಲ.

ದಿನದ ಓಡಾಟ ವಾರ್ಜೆಯಿಂದ ಹಿಂಜೇವಾಡಿಗೆ, ನಡುವೆ ಮಾರುಕಟ್ಟೆ, ಶಾಲೆ ಎಂದಾದರೆ ಗಿಣ್ಣು ಮುಚ್ಚುವ ಗಿಡ್ಡ ರೈಡಿಂಗ್ ಶೂ ಸಾಕು. ತಿಂಗಳಿಗೊಮ್ಮೆ ಹೆದ್ದಾರಿ ಹಿಡಿದು ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವವರು, ತಾಮ್ಹಿಣಿ ಘಾಟಿಯಲ್ಲೋ ಚೋರ್ಲಾ ಘಾಟಿಯಲ್ಲೋ ಸವಾರಿ ಮಾಡುವವರು ಮೀನಖಂಡದ ನಡುವಿನವರೆಗೆ ಬರುವ ಟೂರಿಂಗ್ ಬೂಟನ್ನು ನೋಡಬೇಕು. ಎರಡನ್ನೂ ಮಾಡುವವರು, ಕೈಯಲ್ಲಿ ಒಂದೇ ಜೊತೆಗೆ ಹಣವಿದ್ದರೆ, ಗಿಡ್ಡನೆಯದನ್ನೇ ಕೊಳ್ಳಲಿ.

ಒಳಗಿನ ಚೀಟಿಯನ್ನು ಓದುವುದು

ಬೈಕ್ ಬೂಟಿಗೆಂದೇ ಯುರೋಪಿನಲ್ಲಿ ಒಂದು ಮಾನದಂಡವಿದೆ. ಅದರ ಹೆಸರು ಇಎನ್ 13634. ಈಗ ಮಾರಾಟದಲ್ಲಿರುವ ಬಹಳಷ್ಟು ಬೂಟುಗಳ ಮೇಲೆ 2017ರ ಆವೃತ್ತಿಯ ಗುರುತಿರುತ್ತದೆ. ಬೂಟಿನ ನಾಲಿಗೆಯ ಒಳಬದಿಯಲ್ಲೋ ಪಕ್ಕದ ಅಸ್ತರಿನ ಮೇಲೋ ಹೊಲಿದ ಚೀಟಿಯನ್ನು ಹುಡುಕಿ. ಬೈಕ್ ಮೇಲೆ ಕೂತ ಸವಾರನ ಪುಟ್ಟ ಚಿತ್ರ, ಅದರ ಬಳಿ ನಾಲ್ಕು ಅಂಕಿಗಳು ಕಾಣಬೇಕು. ಪ್ರತಿ ಅಂಕಿಯೂ 1 ಅಥವಾ 2. ಬರಿಯ ‘ಸಿಇ’ ಎಂಬ ಎರಡಕ್ಷರ ಕಂಡು ಸಮಾಧಾನಪಡಬೇಡಿ. ಆ ಅಕ್ಷರಗಳು ಆಟಿಕೆಯ ಮೇಲೂ ಇರುತ್ತವೆ, ಮೊಬೈಲ್ ಚಾರ್ಜರ್ ಮೇಲೂ ಇರುತ್ತವೆ.

ನಾಲ್ಕು ಅಂಕಿಗಳಲ್ಲಿ ಮೊದಲನೆಯದು ಬೂಟಿನ ಎತ್ತರ. ಇಲ್ಲಿ 2 ಎಂದರೆ ಹೆಚ್ಚು ಎತ್ತರ ಎಂದಷ್ಟೇ ಅರ್ಥ, ಹೆಚ್ಚು ಗಟ್ಟಿ ಎಂದಲ್ಲ. ಗಿಡ್ಡ ಬೂಟಿಗೆ 1 ಬಂದಿದ್ದರೆ ಅದು ಕೊರತೆಯಲ್ಲ. ಎರಡನೆಯದು ಉಜ್ಜಾಟ ತಡೆಯುವ ಶಕ್ತಿ. ಚರ್ಮದ ತುಂಡನ್ನು ಓಡುತ್ತಿರುವ ಒರಟು ಪಟ್ಟಿಯ ಮೇಲೆ ಬೀಳಿಸಿ, ತೂತು ಬೀಳಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುತ್ತಾರೆ. ಹೆಚ್ಚು ಅಪಾಯಕ್ಕೊಳಗಾಗುವ ಭಾಗಗಳು ಮೊದಲ ಹಂತದಲ್ಲಿ ಕನಿಷ್ಠ 5 ಸೆಕೆಂಡು, ಎರಡನೆಯ ಹಂತದಲ್ಲಿ 12 ಸೆಕೆಂಡು ತಡೆಯಬೇಕು. ಕಾಗದದಲ್ಲಿ ಓದಿದರೆ ಐದು ಸೆಕೆಂಡು ಏನೂ ಅಲ್ಲವೆನಿಸುತ್ತದೆ, ಆದರೆ ರಸ್ತೆಯ ಮೇಲೆ ಜಾರುತ್ತಿರುವಾಗ ಅದು ಬಹಳ ದೊಡ್ಡ ಕಾಲ. ಮೂರನೆಯದು ಚೂಪಾದ ವಸ್ತು ಕುಯ್ಯದಂತೆ ತಡೆಯುವ ಗುಣ.

ನಾಲ್ಕನೆಯ ಅಂಕಿಯನ್ನು ನಾನು ಮೊದಲು ನೋಡುತ್ತೇನೆ. ಅದು ಬೂಟಿನ ಅಡ್ಡಗಟ್ಟಿತನ. ಬೂಟನ್ನು ಎರಡು ಬದಿಗಳಿಂದ ಒತ್ತಿದಾಗ ಅಟ್ಟೆ ಕುಗ್ಗದೆ ಎಷ್ಟು ಬಲ ತಾಳಬಲ್ಲದು ಎಂಬ ಲೆಕ್ಕ. ಹಂತ 1ಕ್ಕೆ ಕನಿಷ್ಠ 1 ಕಿಲೋನ್ಯೂಟನ್, ಅಂದರೆ ಸುಮಾರು ನೂರು ಕಿಲೋ ಭಾರದಷ್ಟು ಬಲ. ಹಂತ 2ಕ್ಕೆ 1.5 ಕಿಲೋನ್ಯೂಟನ್. ನನ್ನ ಮೂಳೆ ಮುರಿದದ್ದು ಇದೇ ಬಗೆಯ ಒತ್ತಡಕ್ಕೆ. ಕ್ಯಾನ್ವಾಸ್ ಶೂವಿನ ಅಟ್ಟೆಗೆ ಇಂಥ ಗಟ್ಟಿತನ ಎಲ್ಲಿಂದ ಬರಬೇಕು?

ಅಂಕಿಗಳ ಜೊತೆಗೆ ಕೆಲವು ಅಕ್ಷರಗಳೂ ಇರಬಹುದು. ಐಪಿಎ ಎಂದರೆ ಗಿಣ್ಣಿಗೆ ಪೆಟ್ಟು ತಡೆಯುವ ಗಟ್ಟಿ ಪದರವಿದೆ, ಅದೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಐಪಿಎಸ್ ಎಂದರೆ ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆಗೆ ರಕ್ಷಣೆ. ಡಬ್ಲ್ಯುಆರ್ ನೀರು ತಡೆಯುವುದಕ್ಕೆ, ಎಫ್ಒ ಇಂಧನ ಸೋಕಿದರೆ ಕೆಡದ ಅಟ್ಟೆಗೆ. ಎಸ್ಆರ್‌ಎ, ಎಸ್ಆರ್‌ಬಿ, ಎಸ್ಆರ್‌ಸಿ ಜಾರದಿರುವಿಕೆಯ ಗುರುತುಗಳು: ಮೊದಲನೆಯದು ಸೋಪಿನ ನೀರು ಹಾಕಿದ ಟೈಲ್ಸ್ ಮೇಲೆ, ಎರಡನೆಯದು ಗ್ಲಿಸರಿನ್ ಸವರಿದ ಉಕ್ಕಿನ ಮೇಲೆ, ಮೂರನೆಯದು ಎರಡರ ಮೇಲೂ ಪರೀಕ್ಷೆಯಾದದ್ದು. ಈ ಅಕ್ಷರಗಳು ಐಚ್ಛಿಕ. ಅಂದರೆ ನಾಲ್ಕೂ ಅಂಕಿಗಳಿರುವ ಬೂಟಿಗೂ ಗಿಣ್ಣಿನ ರಕ್ಷಣೆ ಇಲ್ಲದಿರಬಹುದು. ಬಹಳ ಜನ ಇಲ್ಲೇ ಎಡವುತ್ತಾರೆ. ಐಪಿಎ ಇದೆಯೋ ಎಂದು ಬೇರೆಯಾಗಿಯೇ ನೋಡಿ.

ನಮ್ಮಲ್ಲಿ ಸಿಗುವ ಅಗ್ಗದ ರೈಡಿಂಗ್ ಬೂಟುಗಳಲ್ಲಿ ಎಷ್ಟೋ ಜೊತೆಗಳಿಗೆ ಈ ಚೀಟಿಯೇ ಇರುವುದಿಲ್ಲ. ಅವೆಲ್ಲವೂ ಕೆಟ್ಟವೆಂದಲ್ಲ. ಚೀಟಿ ಇಲ್ಲದಿದ್ದರೆ ಆ ಪರೀಕ್ಷೆಯನ್ನು ನಮ್ಮ ಕೈಯಾರೆ ಮಾಡಬೇಕಾಗುತ್ತದೆ, ಅಷ್ಟೆ.

ಅಂಗಡಿಯಲ್ಲಿ ಕೈಯ ಪರೀಕ್ಷೆ

ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಹೋದ ಬೂಟು ಸಂಜೆ ಕಚ್ಚುತ್ತದೆ. ಸವಾರಿಗೆ ಹಾಕುವ ದಪ್ಪ ಕಾಲುಚೀಲ, ಅದೇ ಪ್ಯಾಂಟು ತೊಟ್ಟು, ನಿಮ್ಮದೇ ಬೈಕಿನಲ್ಲಿ ಹೋಗಿ. ಪುಣೆಯಲ್ಲಿ ಗಾಡಿಯ ಬಿಡಿಭಾಗಗಳ ಜೊತೆ ಸವಾರರ ಸಾಮಾನೂ ಸಿಗುವ ನಾನಾ ಪೇಠೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ವಾರದ ನಡುವಿನ ದಿನ ಆರಿಸಿಕೊಳ್ಳಿ.

ಬೂಟನ್ನು ಕೈಗೆತ್ತಿಕೊಂಡು ತುದಿಯನ್ನು ಒಂದು ಕೈಯಲ್ಲಿ, ಹಿಮ್ಮಡಿಯನ್ನು ಇನ್ನೊಂದರಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಮಾಮೂಲಿ ಓಟದ ಶೂ ಸಲೀಸಾಗಿ ಸುತ್ತಿಕೊಳ್ಳುತ್ತದೆ. ಒಳ್ಳೆಯ ಬೈಕ್ ಬೂಟು ಹಟ ಮಾಡುತ್ತದೆ. ಅದರ ಅಟ್ಟೆಯೊಳಗೆ ಹಿಮ್ಮಡಿಯಿಂದ ಪಾದದ ನಡುವಿನವರೆಗೆ ಉಕ್ಕಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಪಟ್ಟಿ ಇರುತ್ತದೆ, ತಿರುಚಿದಾಗ ಅದು ಕೈಗೆ ಗೊತ್ತಾಗುತ್ತದೆ. ಗಂಟೆಗಟ್ಟಲೆ ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಕೂತಾಗ ಅಂಗಾಲು ನೋಯದಿರಲೂ ಈ ಪಟ್ಟಿಯೇ ಬೇಕು.

ಆಮೇಲೆ ಪಾದದ ಅತ್ಯಂತ ಅಗಲವಾದ ಜಾಗದಲ್ಲಿ ಬೂಟನ್ನು ಎರಡೂ ಅಂಗೈಗಳ ನಡುವೆ ಇಟ್ಟು ಅಡ್ಡಡ್ಡ ಒತ್ತಿ. ಅಟ್ಟೆ ಮಡಚಿಕೊಂಡರೆ ಕೆಳಗಿಡಿ. ಹಿಮ್ಮಡಿಯ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಕಲ್ಲಂಗಡಿ ಸಿಪ್ಪೆಯಷ್ಟಾದರೂ ಗಟ್ಟಿ ಇರಬೇಕು. ಬೆರಳುಗಳ ಮುಂಭಾಗದ್ದೂ ಹಾಗೆಯೇ. ಗಿಣ್ಣಿನ ಜಾಗವನ್ನು ಒಳಬದಿ, ಹೊರಬದಿ ಎರಡರಲ್ಲೂ ಬೆರಳಿನಿಂದ ತಡವಿ. ನಾಣ್ಯಕ್ಕಿಂತ ದೊಡ್ಡದಾದ ಗಟ್ಟಿ ಬಿಲ್ಲೆ ತಗುಲಬೇಕು. ಎಷ್ಟೋ ಬೂಟುಗಳಲ್ಲಿ ಅಲ್ಲಿ ಬರಿಯ ಸ್ಪಂಜು ಇರುತ್ತದೆ. ಹೊರಗಿನಿಂದ ಅಚ್ಚು ಹಾಕಿದ ವೃತ್ತ, ಒಳಗೆ ಸೊನ್ನೆ. ಬೂಟು ಹಾಕಿಕೊಂಡ ಮೇಲೆ ಮತ್ತೆ ತಡವಿ, ಬಿಲ್ಲೆ ನಿಮ್ಮ ಗಿಣ್ಣಿನ ಮೇಲೆಯೇ ಕೂತಿದೆಯೋ, ಅರ್ಧ ಅಂಗುಲ ಮೇಲೋ ಕೆಳಗೋ ಇದೆಯೋ ನೋಡಿ. ತಪ್ಪಿದ ಜಾಗದಲ್ಲಿರುವ ಬಿಲ್ಲೆ ಗಿಣ್ಣನ್ನು ಕಾಯುವುದಿಲ್ಲ, ನಡೆದಾಗ ಹುಣ್ಣು ಮಾಡುತ್ತದೆ.

ಈಗ ಮುಖ್ಯ ಪರೀಕ್ಷೆ. ಲೇಸು, ಜಿಪ್, ಪಟ್ಟಿ ಎಲ್ಲವನ್ನೂ ಸರಿಯಾಗಿ ಬಿಗಿದು ಕುರ್ಚಿಯ ಮೇಲೆ ಕೂತು ಕಾಲು ಚಾಚಿ. ಜೊತೆಗೆ ಬಂದವರಿಗೆ ಹಿಮ್ಮಡಿ ಹಿಡಿದು ಜೋರಾಗಿ ಎಳೆಯಲು ಹೇಳಿ. ಸಂಕೋಚ ಬೇಡ, ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ. ಹಿಮ್ಮಡಿ ಒಳಗೆ ಎದ್ದು ಬೂಟು ಸರಿಯತೊಡಗಿದರೆ ಆ ಜೊತೆ ಎಷ್ಟೇ ಚೆಂದವಿರಲಿ ಬಿಟ್ಟುಬಿಡಿ. ಮನುಷ್ಯನ ಕೈಗೆ ಕಳಚುವ ಬೂಟು ಡಾಂಬರಿಗೆ ಕಳಚದೇ ಇರದು.

ಲೇಸಿನ ಬಗ್ಗೆ ಇನ್ನೊಂದು ಮಾತು. ಜೋತುಬಿದ್ದ ಲೇಸಿನ ಕುಣಿಕೆ ಗೇರ್ ಲಿವರ್‌ಗೋ ಫುಟ್‌ರೆಸ್ಟ್‌ಗೋ ಸಿಕ್ಕಿಕೊಂಡರೆ ನಿಲ್ಲುವ ಹೊತ್ತಿಗೆ ಕಾಲು ಕೆಳಗಿಡಲಾಗದು. ಲೇಸಿನ ಮೇಲೆ ವೆಲ್ಕ್ರೋ ಪಟ್ಟಿಯೋ, ಕುಣಿಕೆ ಸಿಕ್ಕಿಸಿಡುವ ಎಲಾಸ್ಟಿಕ್ಕೋ ಇರಬೇಕು. ನನ್ನ ಆಯ್ಕೆ ಮುಂದೆ ಲೇಸು, ಒಳಬದಿಯಲ್ಲಿ ಜಿಪ್ ಇರುವ ಜೋಡು. ಲೇಸನ್ನು ಒಮ್ಮೆ ಪಾದಕ್ಕೆ ಹೊಂದಿಸಿ ಬಿಗಿದರೆ ಆಯಿತು, ದಿನಾ ಹಾಕಿ ತೆಗೆಯಲು ಜಿಪ್. ಗುಡಿಯ ಮುಂದೆ ಹತ್ತು ಸೆಕೆಂಡಿನಲ್ಲಿ ಕಳಚಬಹುದು. ಜಿಪ್ ಹೊರಬದಿಯಲ್ಲಿರಬಾರದು, ಬಿದ್ದಾಗ ನೆಲಕ್ಕೆ ಉಜ್ಜುವುದು ಆ ಬದಿಯೇ.

ಚರ್ಮದ ವಿಷಯಕ್ಕೆ ಬಂದರೆ, ಮೇಲ್ಪದರ ಹಾಗೇ ಉಳಿಸಿದ ದಪ್ಪ ಹಸು ಇಲ್ಲವೇ ಎಮ್ಮೆಯ ಚರ್ಮವೇ ಉತ್ತಮ. ಒಳ್ಳೆಯ ಮೈಕ್ರೋಫೈಬರ್ ಕೂಡ ಪರವಾಗಿಲ್ಲ, ಅದು ಬೇಗ ಒಣಗುತ್ತದೆ. ರೆಕ್ಸಿನ್ ಹೊದಿಸಿದ್ದನ್ನು ಗುರುತಿಸಲು ಅಂಚಿನ ಕತ್ತರಿಸಿದ ಜಾಗ ನೋಡಿ: ಚರ್ಮವಾದರೆ ನಾರುನಾರಾಗಿರುತ್ತದೆ, ರೆಕ್ಸಿನ್ ಆದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಕಾಣುತ್ತದೆ. ಮುಂಬೈನಲ್ಲಿರುವವರು ಧಾರಾವಿಯ ಚರ್ಮದ ಅಂಗಡಿಗಳಲ್ಲಿ ಒಂದು ಮಧ್ಯಾಹ್ನ ಕಳೆದರೆ ಈ ವ್ಯತ್ಯಾಸ ಕಣ್ಣಿಗೂ ಮೂಗಿಗೂ ಚೆನ್ನಾಗಿ ಪರಿಚಯವಾಗುತ್ತದೆ.

ಬೈಕಿನ ಮೇಲೆ ಕೂತು ನೋಡುವುದು

ಅಂಗಡಿಯ ಕಾರ್ಪೆಟ್ ಮೇಲೆ ನಾಲ್ಕು ಹೆಜ್ಜೆ ನಡೆದು ಕೊಳ್ಳುವುದು ಮಾಮೂಲಿ ಶೂವಿಗೆ ಸರಿ. ಬೈಕ್ ಬೂಟನ್ನು ಬೈಕಿನ ಮೇಲೆ ಕೂತೇ ನೋಡಬೇಕು. ಬೆಲೆಚೀಟಿ ಕೀಳದೆ, ಅಟ್ಟೆಗೆ ಕೊಳೆ ತಾಗದಂತೆ ಕಾಗದ ಹಾಸಿ, ಹೊರಗೆ ನಿಲ್ಲಿಸಿದ ನಿಮ್ಮ ಗಾಡಿಯ ಮೇಲೆ ಕೂರಲು ಅನುಮತಿ ಕೇಳಿ. ನನಗೆ ಈವರೆಗೆ ಯಾರೂ ಇಲ್ಲವೆಂದಿಲ್ಲ.

ಎಡಪಾದದ ತುದಿಯನ್ನು ಗೇರ್ ಲಿವರ್ ಅಡಿಗೆ ತೂರಿಸಿ. ದಪ್ಪ ತುದಿಯ ಬೂಟು ಅಲ್ಲಿ ಹೋಗದೇ ಇದ್ದರೆ ಎರಡು ದಾರಿಗಳಿವೆ: ಬೂಟು ಬದಲಿಸುವುದು ಅಥವಾ ಲಿವರ್ ಎತ್ತರಿಸುವುದು. ಲಿವರ್ ಕೂತಿರುವ ಹಲ್ಲಿನ ದಂಡದ ಮೇಲೆ ಅದನ್ನು ಒಂದು ಹಲ್ಲು ಮೇಲಕ್ಕೆ ಸರಿಸಬಹುದು, ಉದ್ದ ಸರಳಿರುವ ಗಾಡಿಗಳಲ್ಲಿ ಸರಳಿನ ನಟ್ ಸಡಿಲಿಸಿ ಹೊಂದಿಸಬಹುದು. ಮೆಕ್ಯಾನಿಕ್‌ಗೆ ಐದು ನಿಮಿಷದ ಕೆಲಸ. ಇಷ್ಟು ಸಣ್ಣ ತೊಂದರೆಗೆ ಒಳ್ಳೆಯ ಬೂಟನ್ನು ಬಿಟ್ಟು ಬರಬೇಡಿ. ಬಲಗಾಲಿನಲ್ಲಿ ಬ್ರೇಕ್ ಪೆಡಲ್ ಮೇಲೆ ಪಾದವಿಟ್ಟು, ಒತ್ತದೇ ಇರುವಾಗ ಅಟ್ಟೆಯ ದಪ್ಪಕ್ಕೆ ಪೆಡಲ್ ತಾನಾಗಿ ಒತ್ತಿಹೋಗುತ್ತಿದೆಯೇ ಎಂದು ನೋಡಿ. ಹಾಗೆ ಒತ್ತಿಹೋದರೆ ಬ್ರೇಕ್ ಉಜ್ಜುತ್ತಲೇ ಇರುತ್ತದೆ, ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ.

ಎರಡೂ ಕಾಲು ನೆಲಕ್ಕೂರಿ. ಅಟ್ಟೆ ದಪ್ಪಗಿದ್ದರೆ ಗಿಡ್ಡ ಸವಾರರಿಗೆ ಒಂದಿಷ್ಟು ಎತ್ತರವೂ ದಕ್ಕುತ್ತದೆ. ಬೆರಳುಗಳ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಲಿ, ಹಿಮ್ಮಡಿ ಮಾತ್ರ ಅಲುಗಬಾರದು. ಅಳತೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಸಂಜೆ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಸೆಂಟಿಮೀಟರ್‌ನಲ್ಲಿ ಅಳೆದು, ಆ ಕಂಪನಿಯ ಪಟ್ಟಿಯೊಂದಿಗೆ ಹೋಲಿಸಲಿ. ಎರಡು ಪಾದಗಳಲ್ಲಿ ದೊಡ್ಡದರ ಅಳತೆಯೇ ಲೆಕ್ಕ.

ಕಾರ್ಖಾನೆಯ ಸೇಫ್ಟಿ ಶೂ ಸಾಲದೇ?

ಭೋಸರಿ, ಚಾಕಣ ಕಡೆ ಕೆಲಸ ಮಾಡುವ ನಮ್ಮ ಜಿಲ್ಲೆಗಳ ಹುಡುಗರು ಕೇಳುವ ಮೊದಲ ಪ್ರಶ್ನೆ ಇದೇ. ಕಂಪನಿ ಉಚಿತವಾಗಿ ಕೊಟ್ಟ ಬೂಟು ಕಾಲಲ್ಲಿರುವಾಗ ಇನ್ನೊಂದಕ್ಕೆ ಏಕೆ ಹಣ ಹಾಕಬೇಕು? ಪ್ರಶ್ನೆ ನ್ಯಾಯವಾದದ್ದು. ಭಾರತೀಯ ಮಾನದಂಡವಾದ ಐಎಸ್ 15298ರ ಎರಡನೆಯ ಭಾಗಕ್ಕೆ ಒಪ್ಪುವ ಸೇಫ್ಟಿ ಶೂವಿನ ತುದಿಯ ಟೋಪಿ 200 ಜೌಲ್ ಪೆಟ್ಟು ತಡೆಯಬೇಕು. ಹತ್ತು ಕಿಲೋದ ವಸ್ತು ಎರಡು ಮೀಟರ್ ಎತ್ತರದಿಂದ ಬೆರಳಿನ ಮೇಲೆ ಬಿದ್ದಂತೆ. ಅಟ್ಟೆ ಗಟ್ಟಿ, ಬಹಳಷ್ಟಕ್ಕೆ ಎಣ್ಣೆಯ ಭಯವೂ ಇಲ್ಲ. ಆದರೆ ಆ ಬೂಟನ್ನು ಮಾಡಿದ್ದು ಮೇಲಿನಿಂದ ಬೀಳುವ ವಸ್ತುವಿಗಾಗಿ. ಗಿಡ್ಡ ಮಾದರಿಯದಾದರೆ ಗಿಣ್ಣು ಬಯಲಲ್ಲೇ ಇರುತ್ತದೆ, ದಪ್ಪ ತುದಿ ಗೇರ್ ಲಿವರ್ ಅಡಿಗೆ ಹೋಗುವುದಿಲ್ಲ.

ಆದರೂ ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಪ್ರದೇಶದಲ್ಲಿ ಅಪಘಾತಕ್ಕೀಡಾದ 212 ಸವಾರರ ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬೈಕಿಗೆಂದು ಮಾಡಿರದ ಮಾಮೂಲಿ ಬೂಟು ಕೂಡ, ಓಟದ ಶೂಗಳಿಗೆ ಹೋಲಿಸಿದರೆ, ಪಾದ ಮತ್ತು ಹರಡಿನ ಗಾಯದ ಸಂಭವವನ್ನು ಗಮನಾರ್ಹವಾಗಿ ತಗ್ಗಿಸಿತ್ತು ಎಂದು ಅದು ಕಂಡುಕೊಂಡಿತು. ಹಾಗಾಗಿ ಈ ತಿಂಗಳು ಹಣವಿಲ್ಲದಿದ್ದರೆ, ಕಂಪನಿಯ ಸ್ಟೋರ್‌ನಲ್ಲಿ ಗಿಣ್ಣು ಮುಚ್ಚುವ ಎತ್ತರದ ಸೇಫ್ಟಿ ಶೂ ಕೇಳಿ ಪಡೆಯಿರಿ, ಲೇಸು ಬಿಗಿದು ಒಳಗೆ ಸಿಕ್ಕಿಸಿ, ಅದರಲ್ಲೇ ಮನೆಗೆ ಬನ್ನಿ. ಪಾಳಿ ಮುಗಿದೊಡನೆ ಲಾಕರ್‌ನಲ್ಲಿಟ್ಟು ಚಪ್ಪಲಿಯಲ್ಲಿ ಗಾಡಿ ಹತ್ತುವುದನ್ನು ಮಾತ್ರ ಇವತ್ತೇ ನಿಲ್ಲಿಸಿ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆಯ ಸವಾರನ ದೊಡ್ಡ ಚಿಂತೆ ಒದ್ದೆ ಕಾಲುಚೀಲ. ನೀರು ತಡೆಯುವ ಒಳಪೊರೆಯ ಬೂಟುಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಒಂದು ಷರತ್ತಿನ ಮೇಲೆ: ಪ್ಯಾಂಟು ಬೂಟಿನ ಹೊರಗಿರಬೇಕು. ಒಳಗೆ ತುರುಕಿದರೆ ಮಳೆನೀರು ಪ್ಯಾಂಟಿನ ಮೂಲಕ ನೇರವಾಗಿ ಬೂಟಿಗಿಳಿಯುತ್ತದೆ. ಒಳಪೊರೆ ಆ ನೀರನ್ನು ಹೊರಗೂ ಬಿಡದೆ ಕೊಡದಂತೆ ಹಿಡಿದಿಡುತ್ತದೆ. ಗಿಡ್ಡ ಬೂಟಿಗೆ ಒಳಪೊರೆ ಇದ್ದರೂ ಜೋರು ಮಳೆಯಲ್ಲಿ ಮೇಲಿನಿಂದ ನೀರು ನುಗ್ಗುತ್ತದೆ. ಬೇಸಿಗೆಯಲ್ಲಿ ಈ ಪೊರೆ ಕಾಲನ್ನು ಬೇಯಿಸುತ್ತದೆ. ಆದ್ದರಿಂದ ಗಿಡ್ಡ ಬೂಟು ಕೊಳ್ಳುವವರು ಒಳಪೊರೆಗೆಂದು ಹೆಚ್ಚು ಹಣ ಕೊಡುವುದು ಬೇಡ, ಗಿಣ್ಣಿನ ಬಿಲ್ಲೆಗೆ ಕೊಡಿ ಎಂಬುದು ನನ್ನ ಸಲಹೆ.

ಬೂಟಿನ ಮೇಲೆ ಹಾಕುವ ಪ್ಲಾಸ್ಟಿಕ್ ಹೊದಿಕೆ ಕೊಳ್ಳುವುದಾದರೆ ಅದರ ಅಡಿಯಲ್ಲಿ ರಬ್ಬರ್ ಅಟ್ಟೆ ಇರಲೇಬೇಕು. ಬರಿಯ ಪ್ಲಾಸ್ಟಿಕ್ ಅಡಿ ಒದ್ದೆ ನೆಲದ ಮೇಲೆ ಸೋಪಿನಂತೆ ಜಾರುತ್ತದೆ. ಗಮ್‌ಬೂಟು ಬೇಡವೇ ಬೇಡ, ಅದು ಒಂದು ಎಳೆತಕ್ಕೆ ಕಳಚುತ್ತದೆ.

ಹಿಂದೆ ಕೂರುವವರ ಕಾಲು

ನಾನು ಬೂಟು ಕೊಂಡ ಎಂಟು ತಿಂಗಳ ಮೇಲೆ ಹೆಂಡತಿಗೂ ಕೊಡಿಸಬೇಕೆಂಬ ಬುದ್ಧಿ ಬಂತು. ಅಷ್ಟು ದಿನ ಅವಳು ಹಿಂದೆ ಚಪ್ಪಲಿಯಲ್ಲೇ ಕೂತಿದ್ದಳು. ಬಿದ್ದರೆ ಇಬ್ಬರೂ ಬೀಳುತ್ತೇವೆ, ಅವಳ ಕಾಲು ಸೈಲೆನ್ಸರ್‌ಗೂ ಹಿಂಬದಿಯ ಚಕ್ರಕ್ಕೂ ನನ್ನ ಕಾಲಿಗಿಂತ ಹತ್ತಿರ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವು ಹಿಂಬದಿಯ ಸವಾರರಿಗಾಗಿ ಕೈಹಿಡಿ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಹೊದಿಕೆ ಇರಬೇಕೆನ್ನುತ್ತದೆ. ಹಳೆಯ ಗಾಡಿಗಳಲ್ಲಿ ಆ ಹೊದಿಕೆಯನ್ನು ಅಂದಕ್ಕೆಂದು ಕಿತ್ತುಹಾಕಿದವರು ದಯವಿಟ್ಟು ಮತ್ತೆ ಹಾಕಿಸಿ. ಕಡ್ಡಿಗಳ ನಡುವೆ ಮಗುವಿನ ಹಿಮ್ಮಡಿ ಸಿಕ್ಕಿದ್ದನ್ನು ಒಮ್ಮೆ ನೋಡಿದವರಿಗೆ ಈ ಮಾತು ಹೇಳಬೇಕಾಗಿಲ್ಲ.

ಹೆಂಗಸರ ಅಳತೆಯ ರೈಡಿಂಗ್ ಬೂಟುಗಳು ಅಂಗಡಿಗಳಲ್ಲಿ ಕಡಿಮೆ. ಗಂಡಸರ ಚಿಕ್ಕ ಅಳತೆಯನ್ನು ಹಾಕಿದರೆ ಹಿಮ್ಮಡಿ ಸಡಿಲವಾಗುತ್ತದೆ. ಎಳೆದು ನೋಡುವ ಪರೀಕ್ಷೆಯನ್ನು ಇಲ್ಲಿ ಎರಡು ಸಲ ಮಾಡಿ. ಸ್ಕೂಟರ್ ಓಡಿಸುವವರಿಗೆ ಗೇರ್ ಲಿವರ್ ಚಿಂತೆಯಿಲ್ಲ, ಉಳಿದೆಲ್ಲವೂ ಅದೇ.

ಹಣದ ಲೆಕ್ಕ

ಗಿಣ್ಣಿನ ಬಿಲ್ಲೆ, ಗಟ್ಟಿ ಅಟ್ಟೆ ಇರುವ ದೇಶೀ ಗಿಡ್ಡ ಬೂಟು ನಾಲ್ಕರಿಂದ ಎಂಟು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಇಟಲಿಯ ಹೆಸರುಗಳಿಗೆ, ಅಂದರೆ 1963ರಲ್ಲಿ ಅಸೋಲೊ ಊರಿನಲ್ಲಿ ಶುರುವಾದ ಆಲ್ಪೈನ್‌ಸ್ಟಾರ್ಸ್‌ನಂಥವಕ್ಕೆ, ಅದರ ಎರಡು ಮೂರು ಪಟ್ಟು ಕೊಡಬೇಕಾಗುತ್ತದೆ. ದುಬಾರಿಯದು ಒಳ್ಳೆಯದೇ, ಆದರೆ ಮೊದಲ ಜೊತೆಗೆ ಅದು ಅಗತ್ಯವಲ್ಲ. ಹಳೆಯದನ್ನು ಕೊಳ್ಳುವ ಮುನ್ನ ಮಾತ್ರ ಹತ್ತು ಸಲ ಯೋಚಿಸಿ. ಅದಕ್ಕೆ ಕಾರಣ ಅಟ್ಟೆ. ಪಾಲಿಯುರೆಥೇನ್ ಅಟ್ಟೆ ತೇವವನ್ನು ಹೀರುತ್ತ ಒಳಗಿಂದೊಳಗೇ ಸಡಿಲವಾಗುತ್ತದೆ. ಮುಂಬೈ, ಗೋವಾದ ಕಡಲ ಗಾಳಿಯಲ್ಲಿ ಇನ್ನೂ ಬೇಗ. ನನ್ನ ಸ್ನೇಹಿತರೊಬ್ಬರು ಡೊಂಬಿವಲಿಯ ಮನೆಯ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿಟ್ಟಿದ್ದ, ಹೆಚ್ಚುಕಡಿಮೆ ಹೊಸದೇ ಆದ ಬೂಟನ್ನು ಐದು ವರ್ಷದ ನಂತರ ಹೊರತೆಗೆದು ಹಾಕಿಕೊಂಡರು. ಮೆಟ್ಟಿಲು ಇಳಿಯುವಷ್ಟರಲ್ಲಿ ಅಟ್ಟೆ ಖಾರಿ ಬಿಸ್ಕೆಟ್‌ನಂತೆ ಪುಡಿಯಾಗಿ ಪ್ರತಿ ಮೆಟ್ಟಿಲ ಮೇಲೂ ಒಂದೊಂದು ತುಣುಕು ಬಿದ್ದಿತ್ತು. ಕೊಳ್ಳುವಾಗ ತಯಾರಾದ ತಿಂಗಳು, ವರ್ಷ ಬರೆದಿದೆಯೇ ನೋಡಿ, ಅಟ್ಟೆಯ ಅಂಚಿಗೆ ಉಗುರು ಒತ್ತಿ ನೋಡಿ. ರಬ್ಬರ್ ಅಟ್ಟೆ ಸ್ವಲ್ಪ ಭಾರವಾದರೂ ನಮ್ಮ ಹವೆಗೆ ಅದೇ ಬಾಳಿಕೆಯದು.

ತಂದ ಮೇಲೆ

ಮೊದಲ ಎರಡು ದಿನ ಮನೆಯೊಳಗೆ, ಒರೆಸಿದ ನೆಲದ ಮೇಲೆ, ಒಂದೊಂದು ಗಂಟೆ ಹಾಕಿಕೊಂಡು ಓಡಾಡಿ. ಕಚ್ಚಿದರೆ ಹಿಂತಿರುಗಿಸಲು ಇನ್ನೂ ಅವಕಾಶವಿರುತ್ತದೆ. ಆಮೇಲೆ ಒಂದು ವಾರ ಸಣ್ಣ ಓಡಾಟ. ಹೊಸ ಬೂಟಿನಲ್ಲಿ ಗೇರ್ ಲಿವರ್ ಪಾದಕ್ಕೆ ತಿಳಿಯಲು ಮೂರು ನಾಲ್ಕು ದಿನ ಹಿಡಿಯುತ್ತದೆ, ಆ ದಿನಗಳಲ್ಲಿ ನವಲೆ ಸೇತುವೆಯ ಇಳಿಜಾರಿನಂಥ ಕಡೆ ಅವಸರ ಬೇಡ. ಊರಿಗೆ ಹೋಗುವ ಮುನ್ನಾದಿನ ಹೊಸ ಬೂಟು ತಂದು ಮರುದಿನ ನಾನೂರು ಕಿಲೋಮೀಟರ್ ಓಡಿಸಬೇಡಿ. ಊರು ಸೇರಿದ ಮೇಲೆ ಹಾಕಲು ಅಥಣಿಯ ಚಪ್ಪಲಿಯನ್ನು ಚೀಲದಲ್ಲಿ ಇಟ್ಟುಕೊಂಡರಾಯಿತು. ನಾನು ಹಾಗೆಯೇ ಮಾಡುತ್ತೇನೆ.

ಒದ್ದೆಯಾದ ಬೂಟನ್ನು ಸೈಲೆನ್ಸರ್ ಪಕ್ಕದಲ್ಲೋ ಗ್ಯಾಸ್ ಒಲೆಯ ಬಳಿಯೋ ಸುಡುಬಿಸಿಲಲ್ಲೋ ಒಣಗಿಸಿದರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಒಳಗಿನ ಇನ್‌ಸೋಲ್ ಹೊರತೆಗೆದು, ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ತುದಿಯವರೆಗೆ ತುರುಕಿ, ಫ್ಯಾನಿನ ಗಾಳಿಗೆ ಇಡಿ. ಎರಡು ಗಂಟೆಗೊಮ್ಮೆ ಕಾಗದ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಹಾಕುವಂತಾಗುತ್ತದೆ. ಕಡಲ ತೀರದಿಂದ ಬಂದ ಮೇಲೆ ಒದ್ದೆ ಬಟ್ಟೆಯಿಂದ ಉಪ್ಪನ್ನು ಒರೆಸಿ, ಜಿಪ್ಪಿನ ಹಲ್ಲುಗಳ ಮೇಲೆ ಮೇಣದ ಬತ್ತಿ ಉಜ್ಜಿ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಮುಚ್ಚಿಡುವುದು ಬೇಡ, ಬಿಳಿಯ ಬೂಷ್ಟು ಹಿಡಿಯುತ್ತದೆ.

ತಿಂಗಳಿಗೊಮ್ಮೆ ಅಟ್ಟೆಯ ಗೆರೆಗಳನ್ನೂ ಎಡಬೂಟಿನ ಮೇಲ್ಭಾಗದಲ್ಲಿ ಗೇರ್ ಲಿವರ್ ಉಜ್ಜುವ ಜಾಗದ ಪಟ್ಟಿಯನ್ನೂ ನೋಡಿ. ಎಡಗಡೆಯದು ಮೊದಲು ಸವೆಯುತ್ತದೆ. ಹೊಲಿಗೆ ಬಿಚ್ಚಿದ್ದರೆ ದಪ್ಪ ಸೂಜಿಯಲ್ಲಿ ಹೊಲಿಯಬಲ್ಲ ರಿಪೇರಿಯವರು ಪೇಠೆಗಳಲ್ಲಿ ಈಗಲೂ ಇದ್ದಾರೆ. ಬೂಟು ಹಾಕಿಕೊಂಡು ಜೋರಾಗಿ ಬಿದ್ದದ್ದಾದರೆ ಅದನ್ನು ಮನೆಗೆ ತಂದು ಮೊದಲಿನಿಂದ ಪರೀಕ್ಷಿಸಿ: ತಿರುಚಿ, ಅಡ್ಡಡ್ಡ ಒತ್ತಿ, ಬಿಲ್ಲೆ ತಡವಿ, ಲೇಸು ಬಿಗಿದು ಮನೆಯವರಿಂದ ಹಿಮ್ಮಡಿ ಎಳೆಸಿ. ಇವುಗಳಲ್ಲಿ ಒಂದರಲ್ಲಿ ಸೋತರೂ ಹೊಸ ಜೊತೆ ತನ್ನಿ.